ಸಕಲವಾರದ ಗುಳಿಗೆ, ಎಲೆಕ್ಟ್ರಾನಿಕ್ ಸಿಟಿಯ ಫೋನು

ಇಂಗ್ಲೆಂಡಿನಲ್ಲಿ ಮಾನಸಿಕ ಆರೋಗ್ಯ ಸೇವೆಗೆ ಹಣ ಕೂಡಿಸಲು ಜನ ಕೆರೆಗೋ ಸಮುದ್ರಕ್ಕೋ ಇಳಿದು ಈಜುವುದುಂಟು. ಇಷ್ಟು ದೂರ ಈಜಿದರೆ ಇಷ್ಟು ಕೊಡುತ್ತೇವೆಂದು ನೆಂಟರು, ಸಹೋದ್ಯೋಗಿಗಳು ಮೊದಲೇ ಮಾತು ಕೊಟ್ಟಿರುತ್ತಾರೆ. ನಮ್ಮ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಮಂದಿಗೂ ಇಂಥ ಉತ್ಸಾಹಕ್ಕೆ ಕೊರತೆಯಿಲ್ಲ. 2008ರಲ್ಲಿ ಬೆಂಗಳೂರಿನಲ್ಲಿ ವರ್ಲ್ಡ್ 10ಕೆ ಓಟ ಶುರುವಾದ ಮೇಲೆ ಕಂಪನಿಗಳು ತಂಡ ಕಟ್ಟಿ ಓಡುವುದು, ಸೇವಾಸಂಸ್ಥೆಗಳಿಗೆ ನಿಧಿ ಕೂಡಿಸುವುದು ರೂಢಿಯಾಗಿದೆ.

ಓಡುತ್ತಾರೆ ಸರಿ, ಈಜೋಣವೆಂದರೆ ಕೆರೆ ಎಲ್ಲಿದೆ? ಬೆಳ್ಳಂದೂರು ಕೆರೆಗೆ 2015ರಲ್ಲಿ, 2017ರಲ್ಲಿ, ಮತ್ತೆ 2018ರಲ್ಲಿ ಬೆಂಕಿ ಬಿತ್ತು. ವರ್ತೂರು ಕೆರೆಯ ನೊರೆ ಗಾಳಿಗೆ ಹಾರಿ ವೈಟ್‌ಫೀಲ್ಡ್ ರಸ್ತೆಯ ಸ್ಕೂಟರ್ ಸವಾರರ ಮುಖಕ್ಕೆ ಬಡಿಯಿತು. ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಊರ ಬಾವಿಯಲ್ಲಿ ಈಜು ಕಲಿತವರ ಮೊಮ್ಮಕ್ಕಳು ಈಗ ಅಪಾರ್ಟ್‌ಮೆಂಟಿನ ಕೊಳದಲ್ಲಿ ಕ್ಲೋರಿನ್ ನೀರು ಕುಡಿದು ಕಲಿಯುತ್ತಿದ್ದಾರೆ. ಇದು ಸಣ್ಣ ನಷ್ಟವೇನಲ್ಲ.

ಆದರೆ ಇಂಥ ಓಟ, ಈಜು ನೆರವಾಗಬೇಕಾದ ಮಾನಸಿಕ ಆರೋಗ್ಯ ಸೇವೆ ಇದೇ ಹೊರವಲಯದಲ್ಲಿ ಹುಟ್ಟಿದ ಕತೆ ಇಲ್ಲಿ ದುಡಿಯುವ ಹೆಚ್ಚಿನವರಿಗೆ ಗೊತ್ತಿಲ್ಲ.

1976ರಲ್ಲಿ ಕರ್ನಾಟಕ ಸರ್ಕಾರ ಕಿಯೋನಿಕ್ಸ್ ಎಂಬ ಎಲೆಕ್ಟ್ರಾನಿಕ್ಸ್ ಸಂಸ್ಥೆಯನ್ನು ಕಟ್ಟಿತು. ಅದರ ಮೊದಲ ಮುಖ್ಯಸ್ಥರಾದ ಆರ್. ಕೆ. ಬಾಳಿಗರು ಹೊಸೂರು ರಸ್ತೆಯ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ ಹೊಲಗಳ ಮೇಲೆ ಒಂದು ಎಲೆಕ್ಟ್ರಾನಿಕ್ ನಗರಿಯ ಕನಸು ಕಂಡರು. ಹೆಚ್ಚುಕಡಿಮೆ ಅದೇ ಹೊತ್ತಿಗೆ, ಅಲ್ಲಿಂದ ತುಸು ದೂರದಲ್ಲಿ, ಬನ್ನೇರುಘಟ್ಟ ರಸ್ತೆಯ ಕಡೆಗಿರುವ ಆನೇಕಲ್ ತಾಲ್ಲೂಕಿನ ಸಕಲವಾರ ಎಂಬ ಹಳ್ಳಿಯಲ್ಲಿ ನಿಮ್ಹಾನ್ಸ್ ಒಂದು ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ತೆರೆಯಿತು. ಬಾಳಿಗರ ಕನಸಿನ ಬಗ್ಗೆ ಸಾಕಷ್ಟು ಬರೆದಿದ್ದಾರೆ. ಸಕಲವಾರದ ಪಾಲಿಗೆ ಬಂದದ್ದು ವೈದ್ಯಕೀಯ ಪತ್ರಿಕೆಗಳ ಪುಟಗಳಷ್ಟೇ.

ನಿಮ್ಹಾನ್ಸ್‌ಗೆ ಆಗಿನ್ನೂ ಎರಡು ವರ್ಷವೂ ತುಂಬಿರಲಿಲ್ಲ. ಹಳೆಯ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯೂ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದಾಗಿ ಅದು ಹುಟ್ಟಿದ್ದು 1974ರ ಡಿಸೆಂಬರ್‌ನಲ್ಲಿ. ಆಸ್ಪತ್ರೆಯ ಗೋಡೆ ದಾಟಿ ಹಳ್ಳಿಗೆ ಹೋಗಬೇಕೆಂದು ಹೊರಟವರಲ್ಲಿ ಡಾ. ಆರ್. ಎಲ್. ಕಪೂರ್ ಮುಖ್ಯರು. ಈ ಮನುಷ್ಯನ ದಾರಿಯೇ ಬೇರೆ. ಎಡಿನ್‌ಬರೋದ ಮನೋವೈದ್ಯ ಮಾರಿಸ್ ಕಾರ್ಸ್ಟೇರ್ಸ್ ಜೊತೆ ಸೇರಿ ಅವರು ಕರಾವಳಿಯ ಕೋಟದಲ್ಲಿ, ಅಂದರೆ ಶಿವರಾಮ ಕಾರಂತರು ಹುಟ್ಟಿದ ಊರಿನಲ್ಲಿ, ಬ್ರಾಹ್ಮಣರು, ಬಂಟರು, ಮೊಗವೀರರ ಮನೆಮನೆ ತಿರುಗಿ ಮನಸ್ಸಿನ ಕಾಯಿಲೆಗಳ ಲೆಕ್ಕ ಹಿಡಿದಿದ್ದರು. ಆ ಅಧ್ಯಯನ ಪುಸ್ತಕವಾಗಿ ಬಂದದ್ದೂ 1976ರಲ್ಲೇ. ವೈದ್ಯರು, ಮಂತ್ರವಾದಿಗಳು, ಮೈಮೇಲೆ ದೈವ ಬರುವ ಪಾತ್ರಿಗಳು, ಹೀಗೆ ಜನ ಯಾರ ಬಳಿ ಹೋಗುತ್ತಾರೆ, ಏಕೆ ಹೋಗುತ್ತಾರೆ ಎಂಬುದನ್ನು ಕಪೂರ್ ಗೌರವದಿಂದ ಗಮನಿಸಿದರು. ಜನ ನೆರವು ಹುಡುಕಿಕೊಂಡು ಅಲೆಯುತ್ತಲೇ ಇದ್ದಾರೆ, ಹತ್ತಿರದಲ್ಲಿ ಆಸ್ಪತ್ರೆ ಮಾತ್ರ ಇಲ್ಲ ಎಂಬುದು ಅವರಿಗೆ ಅಲ್ಲಿ ಕಂಡಿತು.

ಸಕಲವಾರದ ಸುತ್ತಲ ಹಳ್ಳಿಗಳಲ್ಲಿ ಪರೀಕ್ಷೆಗೆ ಇಟ್ಟ ಪ್ರಶ್ನೆ ಸರಳವಾದದ್ದು: ಮಲೇರಿಯಾಕ್ಕೆಂದು, ಕುಟುಂಬ ಯೋಜನೆಗೆಂದು ಮನೆಮನೆಗೆ ನಡೆದು ಹೋಗುವ ಆರೋಗ್ಯ ಕಾರ್ಯಕರ್ತರೇ ಮನಸ್ಸಿನ ಕಾಯಿಲೆಯನ್ನೂ ಗುರುತಿಸಬಲ್ಲರೇ? ಮನೆಯಲ್ಲಿ ಯಾರಾದರೂ ಒಬ್ಬೊಬ್ಬರೇ ಮಾತಾಡಿಕೊಳ್ಳುತ್ತಾರಾ, ಊಟ ನಿದ್ದೆ ಬಿಟ್ಟಿದ್ದಾರಾ, ಯಾರಿಗಾದರೂ ಮೂರ್ಛೆ ಬರುತ್ತದಾ ಎಂದು ಕೇಳಿದರೆ ಸಾಕು, ಕತ್ತಲೆ ಕೋಣೆಯಲ್ಲಿ ಕೂಡಿಹಾಕಿದವರ ಸುದ್ದಿ ಹೊರಬೀಳುತ್ತಿತ್ತು. ಆಮೇಲಿನ ಕೆಲಸ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರದು. ಔಷಧಿಗಳ ಪಟ್ಟಿ ಬೆರಳೆಣಿಕೆಯದು, ಎಲ್ಲವೂ ಅಗ್ಗದವು.

ಮೂರ್ಛೆರೋಗದ ಮಾತು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹಳ್ಳಿಗಳಲ್ಲಿ ಹೀಗೆ ಪತ್ತೆಯಾದವರಲ್ಲಿ ಅದರ ರೋಗಿಗಳು ಬಹಳ. ಫಿಟ್ಸ್ ಬಂದವರ ಕೈಗೆ ಬೀಗದ ಕೈಗೊಂಚಲು ತುರುಕುವುದು ಇಂದಿಗೂ ನಿಂತಿಲ್ಲ. ಒಲೆಯ ಮುಂದೆ ಕೂತಿದ್ದಾಗ ಫಿಟ್ಸ್ ಬಂದರೆ ಮೈ ಸುಡುತ್ತದೆ, ಬಾವಿಕಟ್ಟೆಯ ಮೇಲೆ ಬಂದರೆ ಜೀವವೇ ಹೋಗುತ್ತದೆ. ಆದ್ದರಿಂದಲೇ ಅಂಥ ಮಕ್ಕಳನ್ನು ಈಜಲು ಬಿಡುತ್ತಿರಲಿಲ್ಲ, ಎಷ್ಟೋ ಸಲ ಶಾಲೆಗೂ ಬಿಡುತ್ತಿರಲಿಲ್ಲ. ಫಿನೋಬಾರ್ಬಿಟೋನ್ ಎಂಬ ಅಗ್ಗದ ಗುಳಿಗೆಯನ್ನು ದಿನಾ ತಪ್ಪದೆ ನುಂಗಿದರೆ ಇವರಲ್ಲಿ ಬಹುಪಾಲು ಮಂದಿಗೆ ಫಿಟ್ಸ್ ಹತೋಟಿಗೆ ಬರುತ್ತದೆ. ಆ ಗುಳಿಗೆ ತಿಂಗಳು ತಿಂಗಳೂ ಊರ ಹತ್ತಿರವೇ ಸಿಗುವಂತೆ ಮಾಡುವುದು, ಒಯ್ಯಲು ಬಾರದವರ ಮನೆಗೆ ಹೋಗಿ ವಿಚಾರಿಸುವುದು ಸಕಲವಾರ ಕಲಿಸಿದ ದೊಡ್ಡ ಪಾಠ.

ಮುಂದಿನದು ಬೇಗ ಹೇಳಿ ಮುಗಿಸಬಹುದು. ಪೀಣ್ಯ, ನೆಲಮಂಗಲ ದಾಟಿದರೆ ಸಿಗುವ ಸೋಲೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಕ್ರಮವನ್ನು ಮತ್ತೆ ಒರೆಗೆ ಹಚ್ಚಿದರು. ಡಾ. ಶ್ರೀನಿವಾಸಮೂರ್ತಿ, ಡಾ. ಮೋಹನ್ ಐಸಾಕ್, ಡಾ. ಸಿ. ಆರ್. ಚಂದ್ರಶೇಖರ್ ಸೇರಿ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಕೈಪಿಡಿ ಬರೆದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು, 1985ರಿಂದ ಬಳ್ಳಾರಿ ಜಿಲ್ಲೆಯಿಡೀ ಪ್ರಯೋಗ ನಡೆಯಿತು, 1996ರಲ್ಲಿ ಬಳ್ಳಾರಿಯ ಮಾದರಿಯೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಕನ್ನಡದಲ್ಲಿ ಮನಸ್ಸಿನ ಬಗ್ಗೆ ನೂರಾರು ಪುಸ್ತಕ ಬರೆದ ಚಂದ್ರಶೇಖರ್ ಅವರಿಗೆ 2024ರಲ್ಲಿ ಪದ್ಮಶ್ರೀ ಸಂದಿತು.

1976ರ ಆ ಇಬ್ಬರು ನೆರೆಯವರು, ಎಲೆಕ್ಟ್ರಾನಿಕ್ ಸಿಟಿ ಮತ್ತು ನಿಮ್ಹಾನ್ಸ್, ಕೈಜೋಡಿಸಲು ನಾಲ್ಕೂವರೆ ದಶಕ ಬೇಕಾಯಿತು. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಟೆಲಿ ಮಾನಸ್ ಸಹಾಯವಾಣಿ ಆರಂಭವಾಯಿತು. ಅದರ ಮುಖ್ಯ ಕೇಂದ್ರ ನಿಮ್ಹಾನ್ಸ್. ತಂತ್ರಜ್ಞಾನದ ಬೆಂಬಲ ಎಲೆಕ್ಟ್ರಾನಿಕ್ ಸಿಟಿಯಲ್ಲೇ ಇರುವ ಐಐಐಟಿ ಬೆಂಗಳೂರಿನದು. ರಾತ್ರಿ ಪಾಳಿ ಮುಗಿಸಿದ ಸಾಫ್ಟ್‌ವೇರ್ ಹುಡುಗಿಯಾಗಲಿ, ಪೀಣ್ಯದ ಲೇತ್ ಮುಂದೆ ನಿಂತ ಬಿಹಾರದ ಹುಡುಗನಾಗಲಿ ತಮ್ಮ ಭಾಷೆಯಲ್ಲೇ ಕಷ್ಟ ಹೇಳಿಕೊಳ್ಳಬಹುದು.

ಇಷ್ಟಾದರೂ ಕೊರತೆ ದೊಡ್ಡದು. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಹತ್ತು ವಯಸ್ಕರಲ್ಲಿ ಒಬ್ಬರಿಗೆ ಮಾನಸಿಕ ಸಮಸ್ಯೆಯಿದೆ. ಹೆಚ್ಚಿನ ಕಾಯಿಲೆಗಳಲ್ಲಿ ಶೇಕಡ 70ಕ್ಕೂ ಮೀರಿದ ಮಂದಿಗೆ ಚಿಕಿತ್ಸೆಯೇ ಸಿಕ್ಕಿಲ್ಲ. ಫೋನಿನಲ್ಲಿ ಮಾತಾಡಿದ ಮೇಲೂ ಆಸ್ಪತ್ರೆಗೆ ಬಸ್ ಚಾರ್ಜು ಬೇಕು, ಒಂದು ದಿನದ ಕೂಲಿ ಬಿಡಬೇಕು. ಗುಣವಾಗುತ್ತಿರುವವರಿಗೆ ಹಗಲು ಹೊತ್ತು ಹೋಗಿ ಕೂರಲು, ಕೆಲಸ ಕಲಿಯಲು ಒಂದು ಜಾಗ ಬೇಕು. ಈ ಖರ್ಚುಗಳೆಲ್ಲ ಕಣ್ಣಿಗೆ ಬೀಳುವಂಥವಲ್ಲ. ಹಾಗಾಗಿ ದೇಣಿಗೆ ಕೂಡಿಸುವವರ ಪಟ್ಟಿಯಲ್ಲಿ ಸುಲಭವಾಗಿ ಹಿಂದೆ ಬೀಳುತ್ತವೆ.

ಆದ್ದರಿಂದ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟ್ ಸಂಘಗಳಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಲ್ಲಿ ಒಂದು ಕೋರಿಕೆ. ಮುಂದಿನ ಸಲ ನಿಮ್ಮ ಕೊಳದಲ್ಲಿ ಈಜು ಸ್ಪರ್ಧೆ ಇಟ್ಟಾಗ ಅದನ್ನು ಮಾನಸಿಕ ಆರೋಗ್ಯಕ್ಕಾಗಿ ಇಡಿ. ಕೂಡಿದ ಹಣವನ್ನು ಸುತ್ತಲ ತಾಲ್ಲೂಕುಗಳ ರೋಗಿಗಳ ಬಸ್ ಚಾರ್ಜಿಗೆ, ಔಷಧಿಗೆ, ಹಗಲು ಆರೈಕೆ ಕೇಂದ್ರಗಳಿಗೆ ಮುಟ್ಟಿಸಿ. ಕೊಳದ ಗೋಡೆಯ ಮೇಲೆ ಟೆಲಿ ಮಾನಸ್ ಸಂಖ್ಯೆ ದೊಡ್ಡದಾಗಿ ಬರೆಸಿ: 14416. ಕರೆ ಉಚಿತ, ದಿನದ 24 ಗಂಟೆಯೂ ಮಾತಾಡಬಹುದು, ಕನ್ನಡದಲ್ಲೂ.