1995: ಬೆಳಕನ್ನು ಲೆಕ್ಕ ಹಾಕಿ ತೆಗೆದ ಸಿನಿಮಾ

1995ರ ನವೆಂಬರ್ 22ರಂದು ಅಮೆರಿಕದ ಚಿತ್ರಮಂದಿರಗಳಲ್ಲಿ ‘ಟಾಯ್ ಸ್ಟೋರಿ’ ತೆರೆಕಂಡಿತು. 81 ನಿಮಿಷಗಳ ಈ ಚಿತ್ರದಲ್ಲಿ ಕ್ಯಾಮೆರಾ ಇಟ್ಟು ಸೆರೆಹಿಡಿದ ದೃಶ್ಯ ಒಂದೂ ಇಲ್ಲ. ಕಾಗದದ ಮೇಲೆ ಬರೆದು ಬಣ್ಣ ತುಂಬಿದ ಹಾಳೆಗಳನ್ನು ಒಂದರ ಹಿಂದೆ ಒಂದು ಜೋಡಿಸಿದ ಚಿತ್ರವೂ ಇದಲ್ಲ. ವುಡಿ ಎಂಬ ಕೌಬಾಯ್ ಬೊಂಬೆ, ಬಜ್ ಲೈಟ್‌ಇಯರ್ ಎಂಬ ಗಗನಯಾತ್ರಿ ಬೊಂಬೆ, ಅವುಗಳ ಒಡೆಯನಾದ ಆಂಡಿ ಎಂಬ ಹುಡುಗ, ಅವನ ಕೋಣೆಯ ಗೋಡೆ, ಕಿಟಕಿ, ಮಂಚ, ಮಂಚದ ಕೆಳಗಿನ ನೆರಳು ಎಲ್ಲವೂ ಕಂಪ್ಯೂಟರಿನ ಅಂಕಿಗಳಿಂದ ಹುಟ್ಟಿದವು. ಪೂರ್ತಿಯಾಗಿ ಕಂಪ್ಯೂಟರಿನಲ್ಲೇ ತಯಾರಾದ ಜಗತ್ತಿನ ಮೊದಲ ಪೂರ್ಣಾವಧಿ ಅನಿಮೇಷನ್ ಚಿತ್ರ ಅದು.

ಅನಿಮೇಷನ್ ಲೋಕಕ್ಕೆ ಆ ವರ್ಷ ಬೇರೆ ರೀತಿಯಲ್ಲೂ ಸಮೃದ್ಧವಾಗಿತ್ತು. ಅಕ್ಟೋಬರ್ 4ರಂದು ಜಪಾನಿನ ಟಿವಿಯಲ್ಲಿ ಹಿದೆಆಕಿ ಅನ್ನೊ ನಿರ್ದೇಶನದ ‘ನಿಯಾನ್ ಜೆನೆಸಿಸ್ ಇವಾಂಗೇಲಿಯನ್’ ಧಾರಾವಾಹಿ ಶುರುವಾಯಿತು. ನವೆಂಬರ್ 18ರಂದು ಮಮೊರು ಒಶೀ ಅವರ ‘ಘೋಸ್ಟ್ ಇನ್ ದ ಶೆಲ್’ ಬಿಡುಗಡೆಯಾಯಿತು. ಕ್ರಿಸ್‌ಮಸ್ ಹಿಂದಿನ ದಿನ ಬಿಬಿಸಿಯಲ್ಲಿ, ಜೇಡಿಯಂಥ ಪ್ಲಾಸ್ಟಿಸಿನ್ ಬೊಂಬೆಗಳನ್ನು ಇಷ್ಟಿಷ್ಟೇ ಸರಿಸಿ ನಿಕ್ ಪಾರ್ಕ್ ಮಾಡಿದ ‘ಎ ಕ್ಲೋಸ್ ಶೇವ್’ ಪ್ರಸಾರವಾಯಿತು. ಭಾರತದ ಮಕ್ಕಳಿಗೆ ಕಾರ್ಟೂನ್ ನೆಟ್‌ವರ್ಕ್ ವಾಹಿನಿ ಸಿಕ್ಕಿದ್ದೂ ಅದೇ ವರ್ಷ. ಕೈಯಿಂದ ಬರೆಯುವ ಕಲೆ ತನ್ನ ಎತ್ತರದಲ್ಲಿದ್ದಾಗಲೇ ಅದರ ಪಕ್ಕದಲ್ಲಿ ಹೊಸದೊಂದು ಕಲೆ ಎದ್ದು ನಿಂತಿತು.

ಈ ಹೊಸ ಕಲೆಯನ್ನು ಯಂತ್ರದ ಪವಾಡವೆಂದು ಕರೆಯುವುದು ರೂಢಿ. ನನಗೆ ಅದರಲ್ಲಿ ಕಾಣುವುದು ಬೇರೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿದ ಮೂಲಭೂತ ಸಂಶೋಧನೆ ಅದರ ಹಿಂದಿತ್ತು. ತಮ್ಮ ಗಣಿತಕ್ಕೆ ಏನು ಸಾಧ್ಯ, ಏನು ಅಸಾಧ್ಯ ಎಂಬುದನ್ನು ಸರಿಯಾಗಿ ತಿಳಿದವರು ಆ ತಿಳಿವಳಿಕೆಗೆ ತಕ್ಕ ಕಥೆಯನ್ನು ಆರಿಸಿಕೊಂಡರು.

ಒಂದು ಅಂಗೈಯಿಂದ ಆರಂಭ

ಈ ಸಂಶೋಧನೆಯ ತವರು ಅಮೆರಿಕದ ಯೂಟಾ ವಿಶ್ವವಿದ್ಯಾಲಯ. ಅಲ್ಲಿ ಡೇವಿಡ್ ಇವಾನ್ಸ್ ಮತ್ತು ಐವನ್ ಸದರ್ಲೆಂಡ್ ಕಂಪ್ಯೂಟರ್ ಚಿತ್ರರಚನೆಯ ಅಧ್ಯಯನಕ್ಕೆ ಪ್ರತಿಭಾವಂತ ವಿದ್ಯಾರ್ಥಿಗಳ ಒಂದು ಬಳಗವನ್ನೇ ಕಟ್ಟಿದ್ದರು. ಆ ವಿದ್ಯಾರ್ಥಿಗಳಲ್ಲೊಬ್ಬ ಎಡ್ ಕ್ಯಾಟ್‌ಮಲ್. 1972ರಲ್ಲಿ ಅವರು ತಮ್ಮ ಎಡಗೈಯ ಅಚ್ಚು ತೆಗೆದು, ಅದರ ಮೇಲ್ಮೈಯನ್ನು ಸುಮಾರು 350 ಪುಟ್ಟ ಬಹುಭುಜಗಳಾಗಿ ವಿಂಗಡಿಸಿದರು. ಪ್ರತಿ ಬಹುಭುಜದ ಮೂಲೆಗಳು ಎಲ್ಲೆಲ್ಲಿವೆ ಎಂಬುದನ್ನು ಅಳೆದು ಕಂಪ್ಯೂಟರಿಗೆ ಕೊಟ್ಟರು. ಆ ಕೈ ತೆರೆಯ ಮೇಲೆ ತಿರುಗಿತು, ಬೆರಳು ಮಡಚಿತು.

ವಸ್ತುವಿನ ಆಕಾರವನ್ನು ಅಂಕಿಗಳಾಗಿ ಬರೆಯುವ ಮೂಲ ವಿಧಾನ ಇಂದಿಗೂ ಇದೇ. ಮೂರು ಆಯಾಮಗಳ ಜಾಗದಲ್ಲಿ ಪ್ರತಿ ಬಿಂದುವಿಗೂ ಮೂರು ಸಂಖ್ಯೆಗಳಿರುತ್ತವೆ. ಬೊಂಬೆಯನ್ನು ತಿರುಗಿಸುವುದೆಂದರೆ ಆ ಸಂಖ್ಯೆಗಳನ್ನು ಒಂದು ಮಾತೃಕೆಯಿಂದ ಗುಣಿಸುವುದು. ಕಣ್ಣಿಗೆ ಕಾಣುವ ನೋಟವನ್ನು ಚಪ್ಪಟೆ ಪರದೆಗೆ ಇಳಿಸಲು, ದೂರದ್ದನ್ನು ಅದರ ದೂರದಿಂದ ಭಾಗಿಸಿ ಚಿಕ್ಕದು ಮಾಡಬೇಕು.

ಆದರೆ ಒಂದು ವಸ್ತುವಿನ ಹಿಂದೆ ಇನ್ನೊಂದಿದ್ದರೆ? ಮುಂದಿನದು ಕಾಣಬೇಕು, ಹಿಂದಿನದು ಮರೆಯಾಗಬೇಕು. ಕ್ಯಾಟ್‌ಮಲ್ 1974ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಇದಕ್ಕೆ ಸರಳ ಉಪಾಯವೊಂದನ್ನು ವಿವರಿಸಿದರು. ಪರದೆಯ ಪ್ರತಿ ಪಿಕ್ಸೆಲ್‌ನಲ್ಲಿ ಬಣ್ಣದ ಜೊತೆಗೆ, ಆ ಬಣ್ಣದ ವಸ್ತು ಎಷ್ಟು ದೂರದಲ್ಲಿದೆ ಎಂಬುದನ್ನೂ ಬರೆದಿಡಬೇಕು. ಹೊಸ ವಸ್ತು ಬಂದಾಗ ಅದು ಇನ್ನೂ ಹತ್ತಿರವಿದ್ದರೆ ಮಾತ್ರ ಹಳೆಯದನ್ನು ಅಳಿಸಬೇಕು. ಝಡ್-ಬಫರ್ ಎಂಬ ಈ ಉಪಾಯ ಇಂದಿನ ಮೊಬೈಲ್ ಗೇಮುಗಳಲ್ಲೂ ಇದೆ. ಅದೇ ಪ್ರಬಂಧದಲ್ಲಿ ಬಾಗಿದ ಮೇಲ್ಮೈಗೆ ಚಿತ್ರವನ್ನು ಅಂಟಿಸುವ ವಿಧಾನವೂ ಇತ್ತು. ವುಡಿಯ ಚೌಕಳಿ ಅಂಗಿಯಂಥ ವಿನ್ಯಾಸಗಳ ಬೇರು ಅಲ್ಲಿದೆ.

ಹೊಳಪಿನ ಗಣಿತ

ಆಕಾರ ಸಿಕ್ಕಿತು. ಅದಕ್ಕೆ ಬೆಳಕು ಬೀಳಬೇಕಲ್ಲ? ಮೇಲ್ಮೈಯ ಒಂದು ಚೂರು ಎಷ್ಟು ಬೆಳಗುತ್ತದೆ ಎಂಬುದು ಅದು ದೀಪದ ಕಡೆಗೆ ಎಷ್ಟು ಮುಖ ಮಾಡಿದೆ ಎಂಬುದನ್ನು ಅವಲಂಬಿಸಿದೆ. ಮೇಲ್ಮೈಗೆ ಎಳೆದ ಲಂಬ ರೇಖೆಗೂ ಬೆಳಕು ಬರುವ ದಿಕ್ಕಿಗೂ ನಡುವಿನ ಕೋನದ ಕೊಸೈನ್ ಎಷ್ಟೋ, ಬೆಳಗು ಅಷ್ಟು. ಯೊಹಾನ್ ಲ್ಯಾಂಬರ್ಟ್ 1760ರಲ್ಲೇ ಬರೆದಿಟ್ಟ ನಿಯಮ ಇದು. ಸುಣ್ಣ ಬಳಿದ ಗೋಡೆಯಂಥ ಮಂದ ಮೇಲ್ಮೈಗೆ ಇದು ಸಾಕು.

ಬಹುಭುಜಗಳ ಅಂಚು ಕಾಣದಂತೆ ಬಣ್ಣವನ್ನು ನಯವಾಗಿ ಹರಡುವ ದಾರಿಯನ್ನು ಯೂಟಾದಲ್ಲೇ 1971ರಲ್ಲಿ ಆಂರಿ ಗುರೋ ತೋರಿಸಿದರು. ಆಮೇಲೆ ಬಂದವರು ವಿಯೆಟ್ನಾಂ ಮೂಲದ ಬುಯಿ ತುವಾಂಗ್ ಫಾಂಗ್. ನಯವಾದ ಚೆಂಡಿನ ಮೇಲೆ ದೀಪದ ಪ್ರತಿಬಿಂಬವಾಗಿ ಕಾಣುವ ಬಿಳಿ ಚುಕ್ಕೆಯನ್ನು ಅವರು ಸೂತ್ರಕ್ಕೆ ಇಳಿಸಿದರು. ಪ್ರತಿಫಲಿತ ಕಿರಣಕ್ಕೂ ನೋಡುವ ಕಣ್ಣಿಗೂ ನಡುವಿನ ಕೋನದ ಕೊಸೈನ್ ತೆಗೆದುಕೊಂಡು, ಅದನ್ನು ಹಲವು ಬಾರಿ ಅದರಿಂದಲೇ ಗುಣಿಸಬೇಕು. ಹೆಚ್ಚು ಬಾರಿ ಗುಣಿಸಿದಷ್ಟೂ ಚುಕ್ಕೆ ಚಿಕ್ಕದಾಗಿ, ಹರಿತವಾಗಿ, ಮೇಲ್ಮೈ ಹೆಚ್ಚು ನುಣುಪಾಗಿ ಕಾಣುತ್ತದೆ. ಫಾಂಗ್ 1975ರಲ್ಲಿ, 32ನೇ ವಯಸ್ಸಿನಲ್ಲೇ ತೀರಿಕೊಂಡರು. ಕಂಪ್ಯೂಟರ್ ಚಿತ್ರರಚನೆಯ ಪಠ್ಯಗಳಲ್ಲಿ ಅವರ ಹೆಸರಿನ ಸೂತ್ರ ಇಂದಿಗೂ ಮೊದಲ ಪಾಠಗಳಲ್ಲಿ ಬರುತ್ತದೆ.

ಈ ಸೂತ್ರಗಳ ಒಂದು ಮಿತಿಯನ್ನು ಇಲ್ಲಿ ಗಮನಿಸಬೇಕು. ಬೆಳಕು ಎಲ್ಲಿ ಬಿತ್ತೋ ಅಲ್ಲಿಂದಲೇ ಹಿಂದಿರುಗುತ್ತದೆ ಎಂದು ಅವು ಭಾವಿಸುತ್ತವೆ. ಬಣ್ಣದ ಮೈ, ಅದರ ಮೇಲೊಂದು ಬಿಳಿ ಹೊಳಪು ಇಷ್ಟೇ ಅವುಗಳ ಕೈಲಾಗುವುದು. ನಮ್ಮ ಸುತ್ತ ಇರುವ ವಸ್ತುಗಳಲ್ಲಿ ಹೆಚ್ಚುಕಡಿಮೆ ಹೀಗೆಯೇ ಕಾಣುವುದು ಪ್ಲಾಸ್ಟಿಕ್.

ಬೊಂಬೆಗಳೇ ಏಕೆ?

ಯೂಟಾದ ನಂತರ ಕ್ಯಾಟ್‌ಮಲ್ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಆಲ್ವಿ ರೇ ಸ್ಮಿತ್ ಮತ್ತಿತರರೊಂದಿಗೆ ಕೆಲಸ ಮಾಡಿದರು. 1979ರಲ್ಲಿ ‘ಸ್ಟಾರ್ ವಾರ್ಸ್’ ಖ್ಯಾತಿಯ ಜಾರ್ಜ್ ಲ್ಯೂಕಸ್ ಅವರ ಸಂಸ್ಥೆಗೆ ಹೋದರು. 1986ರಲ್ಲಿ ಅಲ್ಲಿ ಕ್ಯಾಟ್‌ಮಲ್ ಇದ್ದ ಕಂಪ್ಯೂಟರ್ ವಿಭಾಗ ಸ್ಟೀವ್ ಜಾಬ್ಸ್ ಅವರ ಬಂಡವಾಳದಿಂದ ‘ಪಿಕ್ಸಾರ್’ ಎಂಬ ಪ್ರತ್ಯೇಕ ಕಂಪನಿಯಾಯಿತು. ಅಲ್ಲಿ ಅನಿಮೇಷನ್ ಕಲಾವಿದ ಜಾನ್ ಲ್ಯಾಸಟರ್ ಒಂದೊಂದೇ ಕಿರುಚಿತ್ರ ಮಾಡುತ್ತ ಬಂದರು. ಮೇಜಿನ ದೀಪವೊಂದು ಪಾತ್ರವಾದ ‘ಲಕ್ಸೊ ಜೂನಿಯರ್’ 1986ರಲ್ಲಿ ಬಂದಿತು. 1988ರ ‘ಟಿನ್ ಟಾಯ್’ ಆಸ್ಕರ್ ಗೆದ್ದ ಮೊದಲ ಕಂಪ್ಯೂಟರ್ ಅನಿಮೇಷನ್ ಚಿತ್ರವಾಯಿತು.

‘ಟಿನ್ ಟಾಯ್’ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ತಗಡಿನ ಬೊಂಬೆ ಮುದ್ದಾಗಿದೆ. ಅದನ್ನು ಹಿಡಿಯಲು ಬರುವ ಮಗು ಮಾತ್ರ ಕಣ್ಣಿಗೆ ಇರಿಸುಮುರಿಸು ಮಾಡುತ್ತದೆ. ಅದರ ಚರ್ಮ ಗಟ್ಟಿ ರಬ್ಬರಿನಂತಿದೆ. ಇದಕ್ಕೆ ಕಾರಣ ಭೌತಶಾಸ್ತ್ರದಲ್ಲಿದೆ. ಕತ್ತಲ ಕೋಣೆಯಲ್ಲಿ ಟಾರ್ಚಿನ ಮೇಲೆ ಬೆರಳುಗಳನ್ನಿಟ್ಟು ನೋಡಿ. ಬೆರಳು ಕೆಂಪಗೆ ಬೆಳಗುತ್ತದೆ. ಬೆಳಕು ಚರ್ಮದೊಳಗೆ ಇಳಿದು, ಅಲ್ಲಿ ಹಲವು ಸಲ ಚದುರಿ, ಬೇರೊಂದು ಜಾಗದಿಂದ ಹೊರಬರುತ್ತದೆ. ಫಾಂಗ್ ಸೂತ್ರಕ್ಕೆ ಈ ಒಳಪ್ರಯಾಣ ಗೊತ್ತಿಲ್ಲ. ಕೂದಲು, ಬಟ್ಟೆ, ನೀರು ಕೂಡ ಆ ಕಾಲದ ಲೆಕ್ಕಾಚಾರಕ್ಕೆ ಬಹಳ ಕಠಿಣವಾಗಿದ್ದವು.

1991ರಲ್ಲಿ ಡಿಸ್ನಿಯ ಜೊತೆ ಒಪ್ಪಂದವಾಗಿ ಪೂರ್ಣಾವಧಿ ಚಿತ್ರ ಮಾಡುವ ಅವಕಾಶ ಬಂದಾಗ, ಪಿಕ್ಸಾರ್ ಆರಿಸಿಕೊಂಡದ್ದು ಬೊಂಬೆಗಳ ಕಥೆಯನ್ನು. ಪ್ಲಾಸ್ಟಿಕ್ ಪ್ಲಾಸ್ಟಿಕ್ಕಿನಂತೆ ಕಂಡರೆ ಯಾರೂ ಆಕ್ಷೇಪಿಸುವುದಿಲ್ಲ. ಚಿತ್ರದಲ್ಲಿ ಮನುಷ್ಯರು ಕಡಿಮೆ. ನೋಟ ಬೊಂಬೆಗಳ ಎತ್ತರದಲ್ಲೇ ಇರುವುದರಿಂದ ಆಂಡಿಯ ತಾಯಿ ಎಷ್ಟೋ ಕಡೆ ಕಾಲುಗಳಾಗಿಯೇ ಬಂದು ಹೋಗುತ್ತಾಳೆ. ಕಲೆಗೂ ವಿಜ್ಞಾನಕ್ಕೂ ನಡೆದ ಇಷ್ಟು ಪ್ರಾಮಾಣಿಕ ಒಪ್ಪಂದ ಸಿನಿಮಾ ಇತಿಹಾಸದಲ್ಲಿ ಅಪರೂಪ.

ಪಿಕ್ಸೆಲ್‌ಗಿಂತ ಚಿಕ್ಕ ಚೂರುಗಳು

ಅಂಕಿಗಳನ್ನು ಅಂತಿಮ ಚಿತ್ರವಾಗಿಸುವ ಕೆಲಸಕ್ಕೆ ರೆಂಡರಿಂಗ್ ಎನ್ನುತ್ತಾರೆ. ಇದಕ್ಕಾಗಿ ರಾಬರ್ಟ್ ಕುಕ್, ಲೋರೆನ್ ಕಾರ್ಪೆಂಟರ್ ಮತ್ತು ಕ್ಯಾಟ್‌ಮಲ್ ‘ರೇಯಸ್’ ಎಂಬ ವಿಧಾನವನ್ನು ರೂಪಿಸಿ 1987ರಲ್ಲಿ ಪ್ರಕಟಿಸಿದರು. ಎಂಥದೇ ಬಾಗಿದ ಮೇಲ್ಮೈಯಿರಲಿ, ಅದನ್ನು ಒಂದು ಪಿಕ್ಸೆಲ್‌ಗಿಂತಲೂ ಸಣ್ಣ ಚೂರುಗಳಾಗಿ ಕತ್ತರಿಸುವುದು ಅದರ ತಿರುಳು. ಪ್ರತಿ ಚೂರಿಗೂ ಬಣ್ಣ ಮತ್ತು ಬೆಳಕನ್ನು ಲೆಕ್ಕ ಹಾಕಿದ ಮೇಲೆ ಯಾವ ಅಂಚೂ ಒರಟಾಗಿ ಕಾಣುವುದಿಲ್ಲ.

ಸಿನಿಮಾಗೆ ಇನ್ನೊಂದು ತೊಡಕಿತ್ತು. ನಿಜವಾದ ಕ್ಯಾಮೆರಾದ ಕಿಂಡಿ ಸೆಕೆಂಡಿನ ಒಂದು ಸಣ್ಣ ಭಾಗದಷ್ಟು ಹೊತ್ತು ತೆರೆದಿರುತ್ತದೆ. ಅಷ್ಟರಲ್ಲಿ ಓಡುವ ವಸ್ತು ಚಿತ್ರದಲ್ಲಿ ತುಸು ಮಸುಕಾಗುತ್ತದೆ. ಆ ಮಸುಕಿನಿಂದಲೇ ನಮ್ಮ ಕಣ್ಣಿಗೆ ಚಲನೆ ಸರಾಗವೆನಿಸುತ್ತದೆ. ಪ್ರತಿ ಫ್ರೇಮಿಗೂ ನಿಶ್ಚಲವಾಗಿ ನಿಲ್ಲುವ ಪ್ಲಾಸ್ಟಿಸಿನ್ ಬೊಂಬೆಗಳಲ್ಲಿ ಈ ಮಸುಕು ಇರದ ಕಾರಣ ವೇಗದ ಚಲನೆ ಕುಕ್ಕಿದಂತೆ ಕಾಣಬಹುದು. ಲ್ಯೂಕಸ್ ಸಂಸ್ಥೆಯಲ್ಲಿದ್ದಾಗಲೇ, 1984ರಲ್ಲಿ ಕುಕ್, ಥಾಮಸ್ ಪೋರ್ಟರ್ ಮತ್ತು ಕಾರ್ಪೆಂಟರ್ ಇದಕ್ಕೆ ಪರಿಹಾರ ಪ್ರಕಟಿಸಿದ್ದರು. ಪಿಕ್ಸೆಲ್‌ನೊಳಗಿನ ಬೇರೆ ಬೇರೆ ಬಿಂದುಗಳನ್ನು ಕಿಂಡಿ ತೆರೆದಿರುವ ಅವಧಿಯ ಬೇರೆ ಬೇರೆ ಕ್ಷಣಗಳಲ್ಲಿ, ಯಾದೃಚ್ಛಿಕವಾಗಿ ಆಯ್ದು, ಸರಾಸರಿ ತೆಗೆಯುವುದೇ ಆ ಪರಿಹಾರ. ಸಂಭವನೀಯತೆಯ ಪಾಠ ಇಲ್ಲಿ ಸಿನಿಮಾದ ಉಪಕರಣವಾಯಿತು.

ಈಗ ಅಂಕಿಗಳನ್ನು ನೋಡಿ. ‘ಟಾಯ್ ಸ್ಟೋರಿ’ಯ ಒಂದು ಫ್ರೇಮಿನ ಅಳತೆ 1,536 × 922 ಪಿಕ್ಸೆಲ್, ಅಂದರೆ 14 ಲಕ್ಷಕ್ಕೂ ಹೆಚ್ಚು. ಸೆಕೆಂಡಿಗೆ 24ರಂತೆ ಚಿತ್ರದಲ್ಲಿ 1,14,000ಕ್ಕೂ ಹೆಚ್ಚು ಫ್ರೇಮುಗಳಿದ್ದವು. ಸನ್ ಕಂಪನಿಯ 117 ಕಂಪ್ಯೂಟರುಗಳು ಹಗಲಿರುಳೂ ಇದನ್ನೇ ಲೆಕ್ಕ ಹಾಕಿದವು. ಸುಲಭವಾದ ಫ್ರೇಮಿಗೆ 45 ನಿಮಿಷ ಸಾಕಾದರೆ, ಕಷ್ಟದ್ದಕ್ಕೆ 30 ಗಂಟೆ ಬೇಕಾಯಿತು. ಒಟ್ಟು ಲೆಕ್ಕ ಸುಮಾರು 8 ಲಕ್ಷ ಯಂತ್ರ-ಗಂಟೆಗಳು. ಇದನ್ನು ಒಂದೇ ಯಂತ್ರಕ್ಕೆ ವಹಿಸಿದ್ದರೆ ಮುಗಿಯಲು 91 ವರ್ಷ ಹಿಡಿಯುತ್ತಿತ್ತು!

ಇಷ್ಟಾದರೂ ಒಂದು ವಸ್ತುವಿನಿಂದ ಚಿಮ್ಮಿದ ಬೆಳಕು ಇನ್ನೊಂದರ ಮೇಲೆ ಬೀಳುವುದನ್ನು ಸಂಪೂರ್ಣವಾಗಿ ಲೆಕ್ಕ ಹಾಕಲು ಆಗುತ್ತಿರಲಿಲ್ಲ. ಕಲಾವಿದರು ದೃಶ್ಯದಲ್ಲಿ ಹೆಚ್ಚುವರಿ ದೀಪಗಳನ್ನಿಟ್ಟು ಆ ಕೊರತೆ ತುಂಬಿದರು. ಹೊಚ್ಚ ಹೊಸದಾಗಿ ಕಾಣುವ ಮೇಲ್ಮೈಗೆ ಗೀರು, ಕೊಳೆ, ಸವೆತಗಳನ್ನು ಪುಟ್ಟ ಪುಟ್ಟ ಪ್ರೋಗ್ರಾಮುಗಳಿಂದ ಬರೆದರು. ನಿಜ ಜಗತ್ತಿನಲ್ಲಿ ಯಾವುದೂ ಪೂರಾ ಚೊಕ್ಕಟವಾಗಿ ಇರುವುದಿಲ್ಲವಷ್ಟೆ.

ಯಂತ್ರ ಮಾಡದ ಕೆಲಸ

ಕಂಪ್ಯೂಟರ್ ತಾನೇ ಬೊಂಬೆಗಳನ್ನು ಕುಣಿಸಿತು ಎಂದು ತಿಳಿಯಬಾರದು. ವುಡಿಯೊಬ್ಬನಿಗೇ 700ಕ್ಕೂ ಹೆಚ್ಚು ಚಲನೆಯ ನಿಯಂತ್ರಣಗಳಿದ್ದವು. ಅವುಗಳಲ್ಲಿ 200ಕ್ಕೂ ಮಿಕ್ಕಿ ಮುಖಕ್ಕೇ ಮೀಸಲು. ಹುಬ್ಬು ಎಷ್ಟು ಏರಬೇಕು, ತುಟಿಯ ಅಂಚು ಯಾವಾಗ ಇಳಿಯಬೇಕು ಎಂಬುದನ್ನು ಅನಿಮೇಟರುಗಳು ಮುಖ್ಯ ಕ್ಷಣಗಳಲ್ಲಿ ನಿರ್ಧರಿಸುತ್ತಿದ್ದರು. ನಡುವಿನ ಫ್ರೇಮುಗಳನ್ನು ಕಂಪ್ಯೂಟರ್ ನುಣುಪಾದ ವಕ್ರರೇಖೆಗಳ ಸಮೀಕರಣದಿಂದ ತುಂಬುತ್ತಿತ್ತು. ಎಲ್ಲವನ್ನೂ ಕೈಯಿಂದ ಬರೆಯುತ್ತಿದ್ದ ಕಾಲದಲ್ಲಿ ಆ ನಡುವಿನ ಚಿತ್ರಗಳನ್ನು ಬರೆಯಲು ಕಿರಿಯ ಕಲಾವಿದರ ದಂಡೇ ಇರುತ್ತಿತ್ತು.

ಕಥೆಯನ್ನಂತೂ ಯಾವ ಸಮೀಕರಣವೂ ಕಾಪಾಡಲಾರದು. 1993ರ ನವೆಂಬರಿನಲ್ಲಿ ಅರೆಬರೆ ಸಿದ್ಧವಾದ ಚಿತ್ರವನ್ನು ತೋರಿಸಿದಾಗ ವುಡಿ ತೀರಾ ಕುಹಕಿಯಾಗಿ ಕಂಡ. ಡಿಸ್ನಿ ಕೆಲಸ ನಿಲ್ಲಿಸಿತು. ತಂಡ ಚಿತ್ರಕಥೆಯನ್ನು ಮತ್ತೆ ಬರೆದು, ವುಡಿಗೆ ಹೃದಯ ಕೊಟ್ಟು, ಚಿತ್ರವನ್ನು ಉಳಿಸಿಕೊಂಡಿತು. ಸುಮಾರು 3 ಕೋಟಿ ಡಾಲರಿನಲ್ಲಿ ತಯಾರಾದ ಚಿತ್ರ ಜಗತ್ತಿನಾದ್ಯಂತ 36 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು.

ಚರ್ಮಕ್ಕೂ ಬಂತು ಬೆಳಕು

1995ರಲ್ಲಿ ಆಗದೆ ಉಳಿದದ್ದನ್ನು ವಿಜ್ಞಾನಿಗಳು ಅಲ್ಲಿಗೇ ಬಿಡಲಿಲ್ಲ. 1997ರ ‘ಗೆರಿಸ್ ಗೇಮ್’ ಕಿರುಚಿತ್ರದಲ್ಲಿ ಪಿಕ್ಸಾರ್ ಒಬ್ಬ ಮುದುಕನ ಸುಕ್ಕುಗಟ್ಟಿದ ಮುಖವನ್ನು ತೋರಿಸಿತು. ಕ್ಯಾಟ್‌ಮಲ್ ಮತ್ತು ಜಿಮ್ ಕ್ಲಾರ್ಕ್ 1978ರಲ್ಲಿ ಪ್ರಕಟಿಸಿದ್ದ ಮೇಲ್ಮೈ ವಿಭಜನೆಯ ವಿಧಾನ ಅದಕ್ಕೆ ನೆರವಾಯಿತು. ಚರ್ಮದೊಳಗೆ ಚದುರುವ ಬೆಳಕನ್ನು ಬೇಗ ಲೆಕ್ಕ ಹಾಕುವ ಮಾದರಿಯನ್ನು 2001ರಲ್ಲಿ ಹೆನ್ರಿಕ್ ವಾನ್ ಯೆನ್ಸನ್ ಮತ್ತು ಸಂಗಡಿಗರು ಕೊಟ್ಟರು. ಆಮೇಲೆ ಅನಿಮೇಷನ್ ಚಿತ್ರಗಳ ಮನುಷ್ಯರ ಕೆನ್ನೆಗೆ ಜೀವಕಳೆ ಬಂದಿತು. ಕಂಪ್ಯೂಟರ್ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 2019ನೇ ಸಾಲಿಗೆ ಕ್ಯಾಟ್‌ಮಲ್ ಮತ್ತು ಪ್ಯಾಟ್ ಹನ್ರಹಾನ್ ಅವರಿಗೆ ಸಂದಿತು.

ಈ ವಿದ್ಯೆ ಇಂದು ನಮ್ಮಲ್ಲೂ ಅನ್ನ ಕೊಡುವ ಕಸುಬು. ಡ್ರೀಮ್‌ವರ್ಕ್ಸ್ ಸಂಸ್ಥೆಯ ‘ಪುಸ್ ಇನ್ ಬೂಟ್ಸ್’ (2011) ಚಿತ್ರದ ಅನಿಮೇಷನ್ನಿನಲ್ಲಿ ಬೆಂಗಳೂರಿನ ಕಲಾವಿದರ ಪಾಲೂ ಇತ್ತು. ಈ ಕಸುಬಿಗೆ ಬರಲು ಬಯಸುವ ಮಕ್ಕಳು ಸಾಫ್ಟ್‌ವೇರ್ ಬಳಸುವುದನ್ನಷ್ಟೇ ಕಲಿತರೆ ಸಾಲದು. ಪಿಯುಸಿಯ ಸದಿಶ, ಮಾತೃಕೆ, ತ್ರಿಕೋನಮಿತಿ, ಸಂಭವನೀಯತೆಯ ಪಾಠಗಳೇ ಇಂಥ ಚಿತ್ರಗಳ ಕಚ್ಚಾ ಸಾಮಗ್ರಿ. ಗಣಿತ ಕಲಿಸುವ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟೆ: ಒಮ್ಮೆ ತರಗತಿಯಲ್ಲಿ ‘ಟಾಯ್ ಸ್ಟೋರಿ’ಯ ಒಂದು ದೃಶ್ಯ ತೋರಿಸಿ, ಬಜ್‌ನ ಮೈಮೇಲಿನ ಬಿಳಿ ಹೊಳಪಿನ ಬಳಿ ಚಿತ್ರವನ್ನು ನಿಲ್ಲಿಸಿ, ಆಮೇಲೆ ಕಪ್ಪುಹಲಗೆಯ ಮೇಲೆ ಕೊಸೈನ್ ಸೂತ್ರ ಬರೆಯಿರಿ. ಈ ಲೆಕ್ಕ ಯಾವುದಕ್ಕೆ ಉಪಯೋಗ ಎಂಬ ಪ್ರಶ್ನೆಗೆ ಮಕ್ಕಳಿಗೆ ಉತ್ತರ ಸಿಗುತ್ತದೆ.