ಕಾರಿನ ಮೂಗು ಬದಲಿಸಿದರೆ ಬಲ ಬಂದೀತೆ?

ವಾಹನಗಳ ಬಗ್ಗೆ ಯಾವುದೇ ಮಾತುಕತೆ ಏರ್ಪಡಿಸಿದರೂ ಫೋನಿನಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಕೇಳುವವರು ಸಾಮಾನ್ಯವಾಗಿ ತರುಣರು. "ಸಾರ್, ಕಂಪನಿಯವರು ಕೊಟ್ಟ ಏರ್ ಫಿಲ್ಟರ್ ಡಬ್ಬಿ ತೆಗೆಸಿ, ಹೊರಗಡೆ ಸಿಗುವ ದೊಡ್ಡ ಕೊಳವೆ, ಕೋನ್ ಫಿಲ್ಟರ್ ಹಾಕಿಸಿದರೆ ಪಿಕಪ್ ಜಾಸ್ತಿ ಆಗುತ್ತಂತೆ. ಟ್ಯೂನಿಂಗ್ ಏನೂ ಬೇಕಾಗಿಲ್ಲವಂತೆ. ಹೌದೆ?" ಹೇಳಿದವರು ಯಾರೆಂದು ವಿಚಾರಿಸಿದರೆ, ಹೆಚ್ಚಾಗಿ ಆ ಸಾಮಾನು ಮಾರುವ ಅಂಗಡಿಯವರೇ. ಸ್ಟುಡಿಯೋದಲ್ಲಿ ಇದಕ್ಕೆ ಸಿಗುವುದು ಅರ್ಧ ನಿಮಿಷ. ಇಲ್ಲಿ ಕಾಗದವಿದೆ, ಸ್ವಲ್ಪ ವಿರಾಮವಾಗಿ ನೋಡೋಣ.

ಎಂಜಿನ್ ಪೆಟ್ರೋಲಿನಿಂದ ಓಡುತ್ತದೆ ಎನ್ನುತ್ತೇವೆ. ತೂಕ ಹಾಕಿ ನೋಡಿದರೆ ಅದು ಮುಖ್ಯವಾಗಿ ತಿನ್ನುವುದು ಗಾಳಿಯನ್ನು. ಒಂದು ಗ್ರಾಂ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. 1200 ಸಿ.ಸಿ. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ, ನಾಲ್ಕು ಸ್ಟ್ರೋಕಿನ ಲೆಕ್ಕದಲ್ಲಿ ಎರಡು ಸುತ್ತಿಗೊಮ್ಮೆ 1.2 ಲೀಟರಿನಂತೆ, ನಿಮಿಷಕ್ಕೆ ಹೆಚ್ಚುಕಡಿಮೆ 3600 ಲೀಟರ್ ಗಾಳಿ ಒಳಗೆಳೆಯುತ್ತದೆ. ಅಂದರೆ ಸೆಕೆಂಡಿಗೆ 60 ಲೀಟರ್, ದೊಡ್ಡ ಬಿಂದಿಗೆಯಲ್ಲಿ ನಾಲ್ಕು. ಇಷ್ಟೊಂದು ಗಾಳಿ ಒಂದು ಕಾಗದದ ಫಿಲ್ಟರಿನ ಮೂಲಕ ನುಗ್ಗಬೇಕು. ಆ ದಾರಿಯನ್ನು ಸಡಿಲಗೊಳಿಸಿದರೆ ಹೆಚ್ಚು ಗಾಳಿ, ಹೆಚ್ಚು ಗಾಳಿಯಿದ್ದರೆ ಹೆಚ್ಚು ಪೆಟ್ರೋಲ್, ಅದರಿಂದ ಹೆಚ್ಚು ಬಲ. ಅಂಗಡಿಯವರ ವಾದ ಇಷ್ಟೆ. ತರ್ಕದಲ್ಲಿ ತಪ್ಪಿಲ್ಲ. ಆದರೆ "ಎಷ್ಟು ಹೆಚ್ಚು" ಎಂಬ ಮಾತನ್ನು ಯಾರೂ ಎತ್ತುವುದಿಲ್ಲ.

ಗಾಳಿ ಕಡಿಮೆಯಾದರೆ ಬಲ ಕಡಿಮೆಯಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಉದಾಹರಣೆ ಇದೆ. ಮಂಗಳೂರು ಕಡಲ ಮಟ್ಟದಲ್ಲಿದೆ. ಅಲ್ಲಿ ವಾಯುಭಾರ ಸುಮಾರು 101 ಕಿಲೋ ಪ್ಯಾಸ್ಕಲ್. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಅದು 91ರ ಆಸುಪಾಸು. ಟರ್ಬೋ ಇಲ್ಲದ ಕಾರೊಂದು ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಬರುವಷ್ಟರಲ್ಲಿ ಗಾಳಿಯ ಒತ್ತಡದಲ್ಲಿ ಶೇಕಡಾ 10ರಷ್ಟನ್ನು ದಾರಿಯಲ್ಲೇ ಕಳೆದುಕೊಂಡಿರುತ್ತದೆ. ಹಾಗಿದ್ದೂ ಬೆಂಗಳೂರಿಗೆ ಬಂದು "ನನ್ನ ಕಾರಿನ ಬಲ ಕುಗ್ಗಿತು" ಎಂದು ದೂರು ಕೊಟ್ಟ ಮಂಗಳೂರಿನವರನ್ನು ನಾನಂತೂ ಕಂಡಿಲ್ಲ. ಶೇಕಡಾ ಹತ್ತರ ವ್ಯತ್ಯಾಸವೇ ಗಮನಕ್ಕೆ ಬರುವುದು ಇಷ್ಟು ಕಷ್ಟವಾದರೆ, ಫಿಲ್ಟರಿನ ಲೆಕ್ಕ ಏನಿದ್ದೀತು?

ಇದನ್ನು ನಿಮ್ಮ ಕಾರಿನಲ್ಲೇ ಅಳೆಯಬಹುದು. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿ ಕಂಪ್ಯೂಟರಿನ ಅಂಕಿಗಳನ್ನು ಓದುವ ಸಣ್ಣ ಉಪಕರಣ ಈಗ ಅಗ್ಗವಾಗಿ ಸಿಗುತ್ತದೆ. ಇನ್‌ಟೇಕ್ ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಸೆನ್ಸರ್ ಇರುವ ಟರ್ಬೋರಹಿತ ಪೆಟ್ರೋಲ್ ಕಾರು ನಿಮ್ಮದಾಗಿದ್ದರೆ ಹೀಗೆ ಮಾಡಿ. ಎಂಜಿನ್ ಚಾಲೂ ಮಾಡದೆ ಕೀಲಿ ಮಾತ್ರ ತಿರುಗಿಸಿದಾಗ ಕಾಣುವ ಅಂಕಿ ಹೊರಗಿನ ವಾಯುಭಾರ. ಬೆಂಗಳೂರಿನಲ್ಲಿ ಅದು 91 ಎನ್ನಿ. ಆಮೇಲೆ ಖಾಲಿ ರಸ್ತೆಯಲ್ಲಿ, ಎರಡನೇ ಗೇರಿನಲ್ಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಎಂಜಿನ್ ಹೆಚ್ಚು ಸುತ್ತು ತಿರುಗುತ್ತಿರುವಾಗ ಬರುವ ಅಂಕಿ ನೋಡಿ. ನೋಡುವ ಕೆಲಸ ಪಕ್ಕದಲ್ಲಿ ಕೂತವರದು, ನಿಮ್ಮದಲ್ಲ. ಅದು 88 ಬಂತು ಎಂದಿಟ್ಟುಕೊಳ್ಳಿ. ನಡುವಿನ 3 ಕಿಲೋ ಪ್ಯಾಸ್ಕಲ್ ಎಂದರೆ ಫಿಲ್ಟರ್, ಡಬ್ಬಿ, ಕೊಳವೆ, ಥ್ರಾಟಲ್ ಎಲ್ಲ ಸೇರಿ ತಡೆದದ್ದು. ಇವನ್ನೆಲ್ಲ ಮಂತ್ರ ಹಾಕಿ ಮಾಯ ಮಾಡಿದರೂ ಸಿಗುವ ಲಾಭ ಶೇಕಡಾ ಮೂರರ ಸುತ್ತ. 80 ಅಶ್ವಶಕ್ತಿಯ ಎಂಜಿನ್ನಿಗೆ ಎರಡೂವರೆ. ಹೊಸ ಇನ್‌ಟೇಕ್ ಆ ತಡೆಯಲ್ಲಿ ಅರ್ಧ ಇಳಿಸಿತು ಎನ್ನಿ, ಒಂದೂಕಾಲು. ಅದೂ ಆಕ್ಸಿಲರೇಟರನ್ನು ತಳಕ್ಕೆ ಒತ್ತಿದಾಗ ಮಾತ್ರ. ಊರೊಳಗೆ ಅರ್ಧಂಬರ್ಧ ಒತ್ತಿ ಓಡಿಸುವಾಗ ಗಾಳಿಗೆ ದೊಡ್ಡ ತಡೆ ಒಡ್ಡುವುದು ಅರೆ ಮುಚ್ಚಿದ ಥ್ರಾಟಲ್ಲೇ. ನಡುಮನೆಯ ಬಾಗಿಲು ಮುಕ್ಕಾಲು ಮುಚ್ಚಿರುವಾಗ ಹೊರಗಿನ ಗೇಟನ್ನು ಎಷ್ಟು ಅಗಲ ಮಾಡಿದರೂ ಒಳಗೆ ಬರುವವರ ಸಂಖ್ಯೆ ಹೆಚ್ಚುವುದಿಲ್ಲ.

ಇನ್ನು ಶಾಖ. ಒತ್ತಡ ಅಷ್ಟೇ ಇದ್ದರೂ ಬಿಸಿ ಗಾಳಿ ತೆಳ್ಳಗಿರುತ್ತದೆ. ಪಿ.ಯು.ಸಿ. ಭೌತಶಾಸ್ತ್ರ ನೆನಪಿಸಿಕೊಳ್ಳಿ: 30 ಡಿಗ್ರಿಯ ಗಾಳಿಯನ್ನು 60 ಡಿಗ್ರಿಗೆ ಕಾಯಿಸಿದರೆ, 303 ಕೆಲ್ವಿನ್‌ನಿಂದ 333ಕ್ಕೆ, ಸಾಂದ್ರತೆ ಶೇಕಡಾ 9ರಷ್ಟು ಇಳಿಯುತ್ತದೆ. ಕಾರು ತಯಾರಿಸಿದವರು ಡಬ್ಬಿಯ ಮೂತಿಯನ್ನು ಸುಮ್ಮನೆ ದೀಪದ ಹಿಂದೆಯೋ ಗ್ರಿಲ್ಲಿನ ಬಳಿಯೋ ಇಟ್ಟಿರುವುದಿಲ್ಲ. ಹೊರಗಿನ ತಣ್ಣನೆಯ ಗಾಳಿ ಸಿಗಲೆಂದೇ ಆ ಏರ್ಪಾಡು. ಆ ಡಬ್ಬಿ ಕಿತ್ತು, ಬಾನೆಟ್ಟಿನೊಳಗೆ ಬತ್ತಲೆ ಕೋನ್ ಫಿಲ್ಟರ್ ಕೂರಿಸಿದರೆ ಅದು ಎಳೆಯುವುದು ರೇಡಿಯೇಟರ್, ಎಗ್ಸಾಸ್ಟ್ ಕಾಯಿಸಿದ ಗಾಳಿಯನ್ನು. ಟ್ರಾಫಿಕ್ಕಿನಲ್ಲಿ ಹತ್ತು ನಿಮಿಷ ನಿಂತು ಹೊರಟಾಗ, ಒತ್ತಡದಲ್ಲಿ ಗಳಿಸಿದ ಒಂದೂವರೆ ಶೇಕಡಾ ಶಾಖದಲ್ಲಿ ಬಡ್ಡಿಸಮೇತ ಹೋಗುತ್ತದೆ. ಮೇಲೆ ಹೇಳಿದ ಉಪಕರಣ ಒಳಬರುವ ಗಾಳಿಯ ಉಷ್ಣತೆಯನ್ನೂ ತೋರಿಸುತ್ತದೆ. ಕೊಳ್ಳುವ ಮೊದಲೊಮ್ಮೆ, ಕೂರಿಸಿದ ಮೇಲೊಮ್ಮೆ ಓದಿ ನೋಡಿ.

ಟ್ಯೂನಿಂಗ್ ಬೇಡ ಎಂಬ ಮಾತಿಗೆ ಬರೋಣ. ಕಾರ್ಬುರೇಟರಿನ ಕಾಲದ ಕಾರುಗಳಲ್ಲಿ ಗಾಳಿಯ ದಾರಿ ಬದಲಿಸಿದರೆ ಜೆಟ್ ಬದಲಿಸಬೇಕಿತ್ತು. ಹಳೆಯ ಮೆಕ್ಯಾನಿಕ್ಕುಗಳಿಗೆ ಇದು ಚೆನ್ನಾಗಿ ಗೊತ್ತು. ಈಗಿನ ಕಾರಿನಲ್ಲಿ ಆ ಕೆಲಸ ಕಂಪ್ಯೂಟರಿನದು. ಒತ್ತಡದ ಸೆನ್ಸರ್ ಇರುವ ಕಾರಾದರೆ ಸಣ್ಣ ವ್ಯತ್ಯಾಸವನ್ನು ಅದು ತಾನೇ ಸರಿದೂಗಿಸಿಕೊಳ್ಳುತ್ತದೆ. ಆದ್ದರಿಂದ ಅಂಗಡಿಯವರ ಮಾತು ಅಷ್ಟರ ಮಟ್ಟಿಗೆ ನಿಜ. ಆದರೆ ಕೆಲವು ಕಾರುಗಳಲ್ಲಿ ಗಾಳಿಯನ್ನು ಅಳೆಯುವುದು ಕೊಳವೆಯೊಳಗೆ ಕಾದಿರುವ ಒಂದು ಎಳೆ. ಇಂತಿಷ್ಟು ಅಗಲದ ಕೊಳವೆಯಲ್ಲಿ ಗಾಳಿ ಎಳೆಯನ್ನು ಇಷ್ಟು ತಣಿಸಿದರೆ ಒಳಗೆ ಹೋದದ್ದು ಇಷ್ಟು ಎಂದು ಅದರ ಲೆಕ್ಕ. ಅದೇ ಸೆನ್ಸರನ್ನು ಇನ್ನೂ ಅಗಲದ ಕೊಳವೆಗೆ ಸಿಕ್ಕಿಸಿದರೆ ಗಾಳಿ ನಿಧಾನವಾಗಿ ಹಾಯುತ್ತದೆ. ಕಂಪ್ಯೂಟರ್ ಗಾಳಿ ಕಡಿಮೆ ಎಂದು ಭಾವಿಸಿ ಪೆಟ್ರೋಲ್ ಕಡಿಮೆ ಬಿಡುತ್ತದೆ. ಸಾಧಾರಣ ಓಡಾಟದಲ್ಲಿ ಎಗ್ಸಾಸ್ಟಿನ ಆಕ್ಸಿಜನ್ ಸೆನ್ಸರ್ ಈ ತಪ್ಪನ್ನು ತಿದ್ದುತ್ತದೆ. ಪೂರ್ತಿ ಒತ್ತಿದಾಗ ಅನೇಕ ಕಾರುಗಳು ಅದರ ಮಾತು ಕೇಳದೆ, ಮೊದಲೇ ಬರೆದಿಟ್ಟ ಕೋಷ್ಟಕದಂತೆ ನಡೆಯುತ್ತವೆ. ತಯಾರಕರು ಆ ಹಂತದಲ್ಲಿ ಎಂಜಿನ್ನನ್ನು ತಂಪಾಗಿಡಲು ಪೆಟ್ರೋಲನ್ನು ತುಸು ಧಾರಾಳವಾಗಿಯೇ ಬಿಟ್ಟಿದ್ದರೆ, ಅದು ಸ್ವಲ್ಪ ತೆಳುವಾದಾಗ ಒಂದೆರಡು ಅಶ್ವಶಕ್ತಿ ಹೆಚ್ಚಿದಂತೆ ಯಂತ್ರದಲ್ಲಿ ಕಾಣುವುದುಂಟು. ಅದು ಫಿಲ್ಟರಿನ ಪವಾಡವಲ್ಲ. ತಯಾರಕರು ಇಟ್ಟಿದ್ದ ಸುರಕ್ಷೆಯ ಅಂಚಿನಿಂದ ಕೈಗಡ ತಂದದ್ದು. ಅಂಚು ಮುಗಿದರೆ ಎಂಜಿನ್ ಕುಟ್ಟಲು ಶುರುಮಾಡುತ್ತದೆ.

ಡೀಸೆಲ್ ಕಾರಿನವರಿಗೆ ಒಂದೇ ಮಾತು. ಡೀಸೆಲ್ ಎಂಜಿನ್ನಿನ ಬಲ ನಿರ್ಧಾರವಾಗುವುದು ಒಳಗೆ ಚಿಮ್ಮಿಸುವ ಡೀಸೆಲ್ಲಿನ ಪ್ರಮಾಣದಿಂದ. ಅಲ್ಲಿ ಗಾಳಿ ಮೊದಲೇ ಬೇಕಾದ್ದಕ್ಕಿಂತ ಹೆಚ್ಚಿರುತ್ತದೆ. ಕಂಪ್ಯೂಟರಿನ ಲೆಕ್ಕ ಬದಲಿಸದೆ ಗಾಳಿ ಮಾತ್ರ ಹೆಚ್ಚಿಸುವುದು, ಹೊಟ್ಟೆ ತುಂಬಿದವನ ಎಲೆಗೆ ಇನ್ನೊಮ್ಮೆ ಅನ್ನ ಬಡಿಸಿದಂತೆ. ಟರ್ಬೋ ಪೆಟ್ರೋಲಿನಲ್ಲಿ ಸಡಿಲವಾದ ದಾರಿಯಿಂದ ಟರ್ಬೋಗೆ ಶ್ರಮ ಕಡಿಮೆ, ನಿಜ. ಆದರೆ ಒತ್ತಡ ಇಷ್ಟೇ ಇರಬೇಕೆಂದು ಕಂಪ್ಯೂಟರ್ ಹಿಡಿದಿಟ್ಟಿರುವುದರಿಂದ ಲಾಭ ಪೂರ್ತಿ ಕೈಗೆ ಸಿಗುವುದು ಟ್ಯೂನಿಂಗ್ ಮಾಡಿಸಿದವರಿಗೆ. ರೇಸಿನವರು ಇನ್‌ಟೇಕ್, ಎಗ್ಸಾಸ್ಟ್, ಕಂಪ್ಯೂಟರ್ ಮೂರನ್ನೂ ಒಟ್ಟಿಗೆ ಬದಲಿಸುತ್ತಾರೆ. ಅವರನ್ನು ನೋಡಿ ಮೂರರಲ್ಲಿ ಒಂದನ್ನು ಮಾತ್ರ ಕೊಳ್ಳುವುದರಲ್ಲಿ ಅರ್ಥವಿಲ್ಲ.

"ಆದರೆ ಸಾರ್, ಹಾಕಿಸಿದ ಮೇಲೆ ಕಾರು ಚುರುಕಾಗಿದೆ, ನನಗೇ ಗೊತ್ತಾಗುತ್ತೆ" ಎನ್ನುವವರಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಕಂಪನಿಯ ಡಬ್ಬಿ ಗಾಳಿ ಸೋಸುವುದರ ಜೊತೆಗೆ ಎಂಜಿನ್ನಿನ ಉಸಿರಾಟದ ಮೊರೆತವನ್ನೂ ನುಂಗುತ್ತದೆ. ಅದನ್ನು ತೆಗೆದರೆ ಪ್ರತಿ ಸಲ ಆಕ್ಸಿಲರೇಟರ್ ಒತ್ತಿದಾಗಲೂ ಗರ್ಜನೆ ಕೇಳುತ್ತದೆ, ಕಿವಿ ಅದನ್ನೇ ವೇಗವೆಂದು ಮನಸ್ಸಿಗೆ ವರದಿ ಮಾಡುತ್ತದೆ. ಟೆಲಿವಿಷನ್ನಿನವರಾದ ನಮಗೆ ಈ ಗುಟ್ಟು ಹೊಸದಲ್ಲ. ನಿಧಾನವಾಗಿ ಹೋಗುವ ಬಸ್ಸಿನ ದೃಶ್ಯಕ್ಕೆ ಜೋರಾದ ಎಂಜಿನ್ ಸದ್ದು ಕೂಡಿಸಿದರೆ ಬಸ್ಸೇ ಓಡತೊಡಗುತ್ತದೆ. ಅನುಮಾನವಿದ್ದರೆ ಸ್ಟಾಪ್‌ವಾಚ್ ಹಿಡಿಯಿರಿ. ಅದೇ ರಸ್ತೆ, ಅದೇ ಗೇರು, ಅದೇ ದಿನ, ಎರಡೂ ದಿಕ್ಕಿನಲ್ಲಿ ಮೂರು ಮೂರು ಸಲ.

ದುಡ್ಡಿನ ಮಾತು ಬಿಡಿ, ಒಂದಿಷ್ಟು ಸಾವಿರ ಹೋದರೆ ಹೋಯಿತು. ಎಂಜಿನ್ನಿನ ಆಯುಷ್ಯದ ಮಾತು ಹಾಗಲ್ಲ. ನಮ್ಮ ರಸ್ತೆಯ ಧೂಳಿನಲ್ಲಿ ಸಿಲಿಕಾ ಕಣಗಳಿವೆ. ಸಿಲಿಂಡರಿನ ಲೋಹಕ್ಕಿಂತ ಅವು ಗಟ್ಟಿ. ಗಾಳಿಯನ್ನು ಸಲೀಸಾಗಿ ಬಿಡುವ ಫಿಲ್ಟರ್ ಸಾಮಾನ್ಯವಾಗಿ ಧೂಳನ್ನೂ ತುಸು ಸಲೀಸಾಗಿಯೇ ಬಿಡುತ್ತದೆ. ಒಂದು ಫಿಲ್ಟರ್ ಶೇಕಡಾ 99ರಷ್ಟು ಧೂಳು ಹಿಡಿಯುತ್ತದೆ, ಇನ್ನೊಂದು ಶೇಕಡಾ 97 ಎನ್ನಿ. ವ್ಯತ್ಯಾಸ ಎರಡೇ ಎನಿಸುತ್ತದೆ. ಆದರೆ ಒಳಗೆ ಹೋದದ್ದನ್ನು ಎಣಿಸಿ: ಮೊದಲನೆಯದರಲ್ಲಿ ನೂರಕ್ಕೆ ಒಂದು ಭಾಗ, ಎರಡನೆಯದರಲ್ಲಿ ಮೂರು. ಎಂಜಿನ್ ತಿಂದ ಮಣ್ಣು ಮೂರು ಪಟ್ಟಾಯಿತು. ಹಳ್ಳಿಯ ಮಣ್ಣುರಸ್ತೆಯಲ್ಲಿ ದಿನಾ ಓಡಾಡುವವರು ಇದನ್ನು ಯೋಚಿಸಲೇಬೇಕು.

ತಣ್ಣನೆ ಗಾಳಿಗೆಂದು ಕೊಳವೆಯನ್ನು ಬಂಪರಿನ ಕೆಳಗಿಳಿಸುವ ಮಾದರಿಗಳೂ ಇವೆ. ಶಾಖದ ದೃಷ್ಟಿಯಿಂದ ಇವೇ ಮೇಲು. ಆದರೆ ಮಳೆಗಾಲ? 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಕಡೆ ಕಾರುಗಳು ನೀರಿನಲ್ಲಿ ನಿಂತದ್ದನ್ನು ನೀವೆಲ್ಲ ಪರದೆಯ ಮೇಲೆ ನೋಡಿದ್ದೀರಿ. ಗಾಳಿಯನ್ನು ಪಿಸ್ಟನ್ ಅದುಮಬಲ್ಲದು, ನೀರನ್ನು ಅದುಮಲಾರದು. ಒಂದು ಲೋಟದಷ್ಟು ನೀರು ಸಿಲಿಂಡರಿಗೆ ಹೋದರೂ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ, ಎಂಜಿನ್ ಬಿಚ್ಚಬೇಕಾಗುತ್ತದೆ. ಆಗ ವಾರಂಟಿ ಕೇಳಲು ಹೋದರೆ ಅವರು ಮೊದಲು ನೋಡುವುದು ಆ ಕೊಳವೆಯನ್ನೇ.

ಹಾಗಾದರೆ ಫಿಲ್ಟರಿನಿಂದ ಏನೂ ಆಗದೆ? ಆಗುತ್ತದೆ, ಅದು ಕಟ್ಟಿಕೊಂಡಿದ್ದರೆ. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಇದನ್ನು ಪರೀಕ್ಷಿಸಿತು. ಕಂಪ್ಯೂಟರ್ ನಿಯಂತ್ರಣದ ಪೆಟ್ರೋಲ್ ಕಾರುಗಳಲ್ಲಿ ಕಟ್ಟಿಕೊಂಡ ಫಿಲ್ಟರ್ ಬದಲಿಸಿದ್ದರಿಂದ ಮೈಲೇಜ್ ಹೆಚ್ಚಲಿಲ್ಲ. ಆದರೆ ವೇಗ ಪಡೆಯಲು ಬೇಕಾದ ಸಮಯ ಶೇಕಡಾ 6ರಿಂದ 11ರವರೆಗೆ ಸುಧಾರಿಸಿತು. ಅಂಗಡಿಯಾತ ತನ್ನ ಹೊಳೆಯುವ ಕೊಳವೆಗೆ ಹೇಳಿಕೊಳ್ಳುವ ಲಾಭ, ಕೊಳಕು ಫಿಲ್ಟರ್ ತೆಗೆದು ಸ್ವಚ್ಛವಾದ ಮಾಮೂಲಿ ಕಾಗದದ ಫಿಲ್ಟರ್ ಹಾಕಿದರೂ ಬರುತ್ತದೆ.

ಆದ್ದರಿಂದ ಮೊದಲು ಡಬ್ಬಿಯ ಕ್ಲಿಪ್ ಬಿಚ್ಚಿ ಇರುವ ಫಿಲ್ಟರನ್ನು ಬೆಳಕಿಗೆ ಹಿಡಿದು ನೋಡಿ. ಮಡಿಕೆಗಳ ನಡುವೆ ಕೆಂಪು ಮಣ್ಣು ತುಂಬಿದ್ದರೆ ಬದಲಿಸಿ. ಧೂಳು ರಸ್ತೆಯಾದರೆ ಕೈಪಿಡಿಯಲ್ಲಿ ಹೇಳಿದ ಕಿಲೋಮೀಟರಿಗಿಂತ ಮೊದಲೇ ಬದಲಿಸಿ. ಹೊಸದನ್ನು ಕೂರಿಸುವಾಗ ಸುತ್ತಲಿನ ರಬ್ಬರ್ ಅಂಚು ಎಲ್ಲೂ ಮಡಿಚಿಕೊಳ್ಳದಂತೆ ನೋಡಿಕೊಳ್ಳಿ. ಮಡಿಚಿದರೆ ಧೂಳು ಫಿಲ್ಟರನ್ನು ಮುಟ್ಟದೆ ಆ ಸಂದಿಯಿಂದಲೇ ಒಳಗೆ ಹೋಗುತ್ತದೆ.