ಕೋಲಾರದ ಗಣಿಯೂ ಕಾಣದ ಕಣಗಳೂ

ಹೊಸ ಕಣವನ್ನು ಪತ್ತೆಹಚ್ಚುವ ನೇರ ದಾರಿಯೆಂದರೆ ಪ್ರೋಟಾನುಗಳನ್ನು ಅತಿವೇಗದಲ್ಲಿ ಡಿಕ್ಕಿ ಹೊಡೆಸಿ, ಆ ಶಕ್ತಿಯಿಂದ ಕಣವನ್ನೇ ಹುಟ್ಟಿಸುವುದು. ಜಿನೀವಾ ಬಳಿಯ ಲಾರ್ಜ್ ಹೇಡ್ರಾನ್ ಕೊಲೈಡರ್‌ನಲ್ಲಿ 2012ರಲ್ಲಿ ಹಿಗ್ಸ್ ಬೋಸಾನ್ ಸಿಕ್ಕಿದ್ದು ಹೀಗೆಯೇ. ಆದರೆ ಸ್ಟ್ಯಾಂಡರ್ಡ್ ಮಾಡೆಲ್ ಎಂಬ ಈಗಿನ ಕಣಸಿದ್ಧಾಂತದಾಚೆಯ ಮೂಲಕಣ ಯಾವುದೂ ಅಲ್ಲಿ ಇದುವರೆಗೆ ಕಾಣಿಸಿಕೊಳ್ಳದ ಕಾರಣ, ಯಂತ್ರಕ್ಕೆ ಎಟುಕದಷ್ಟು ಭಾರದ ಕಣಗಳು ಎಟುಕುವ ಘಟನೆಗಳ ಮೇಲೆ ಬಿಡುವ ಸಣ್ಣ ಗುರುತುಗಳನ್ನು ಅಳೆಯುವ ಇನ್ನೊಂದು ದಾರಿಗೆ ಮಹತ್ವ ಬಂದಿದೆ. ಆ ಅಳತೆಯ ಗಣಿತವೇ ಎಫೆಕ್ಟಿವ್ ಫೀಲ್ಡ್ ಥಿಯರಿ, ಅಂದರೆ ಪರಿಣಾಮಿ ಕ್ಷೇತ್ರ ಸಿದ್ಧಾಂತ. ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ಸೀಮೆಯ ಬೆಳೆಗಾರರು ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಕಾಯನ್ನು ಒಡೆಯದೆ, ಅಲ್ಲಾಡಿಸಿ ಸದ್ದು ಕೇಳಿಯೇ ಒಳಗಿನ ಉಂಡೆ ಕೊಬ್ಬರಿ ಕರಟ ಬಿಟ್ಟಿದೆಯೇ ಎಂದು ಹೇಳಬಲ್ಲರು; ಒಡೆಯುವ ಶಕ್ತಿಯಿಲ್ಲದ ಕಡೆ ಭೌತವಿಜ್ಞಾನ ಹಿಡಿದಿರುವುದೂ ಅದೇ ಉಪಾಯವನ್ನು.

ಈ ಉಪಾಯಕ್ಕೆ ಹೆಸರು ಬರುವ ಮೊದಲೇ ಎನ್ರಿಕೊ ಫರ್ಮಿ ಅದನ್ನು ಬಳಸಿದ್ದರು. ಪರಮಾಣು ಬೀಜದಿಂದ ಎಲೆಕ್ಟ್ರಾನ್ ಹೊಮ್ಮುವ ಬೀಟಾ ಕ್ಷಯವನ್ನು 1934ರಲ್ಲಿ ವಿವರಿಸುವಾಗ ಅವರು ನಾಲ್ಕು ಕಣಗಳು ಒಂದೇ ಬಿಂದುವಿನಲ್ಲಿ ಸಂಧಿಸುತ್ತವೆಂದು ಭಾವಿಸಿ, ಆ ಸಂಧಿಯ ಬಲವನ್ನು ಒಂದು ಸಂಖ್ಯೆಯಲ್ಲಿ ಹಿಡಿದಿಟ್ಟರು. ಸಂಖ್ಯೆ ಅಷ್ಟು ಚಿಕ್ಕದಾಗಿದ್ದುದು ನಡುವೆ ನಿಂತಿದ್ದ ಡಬ್ಲ್ಯೂ ಬೋಸಾನ್ ಎಂಬ ಭಾರದ ಕಣದ ರಾಶಿಯ ವರ್ಗ ಅದರ ಛೇದದಲ್ಲಿ ಅಡಗಿದ್ದರಿಂದ. ಆ ಬೋಸಾನ್ ಕೈಗೆ ಸಿಕ್ಕಿದ್ದು 1983ರಲ್ಲಿ.

ಇದೇ ತರ್ಕವನ್ನು ಸ್ಟ್ಯಾಂಡರ್ಡ್ ಮಾಡೆಲ್‌ಗೆ ಅನ್ವಯಿಸಿದರೆ, ಅದರ ಸಮೀಕರಣಕ್ಕೆ ಹೊಸ ಪದಗಳು ಸೇರುತ್ತವೆ, ಮತ್ತು ಪ್ರತಿಯೊಂದೂ ಅಜ್ಞಾತವಾದ ಒಂದು ಭಾರೀ ರಾಶಿಯಿಂದ ಭಾಗಿಸಲ್ಪಟ್ಟಿರುತ್ತದೆ. ಒಂದೇ ಬಾರಿ ಭಾಗಿಸಿದ ಬಗೆಯ ಪದ ನ್ಯೂಟ್ರಿನೊಗಳಿಗೆ ಅತ್ಯಲ್ಪ ರಾಶಿ ಕೊಡುತ್ತದೆಂದೂ, ಎರಡು ಬಾರಿ ಭಾಗಿಸಿದ ಕೆಲವು ಪದಗಳು ಪ್ರೋಟಾನನ್ನೇ ಒಡೆಯಬಲ್ಲವೆಂದೂ ಸ್ಟೀವನ್ ವೈನ್‌ಬರ್ಗ್ 1979ರಲ್ಲಿ ತೋರಿಸಿದರು. ಕರ್ನಾಟಕದ ಮಟ್ಟಿಗೆ ಗಮನಾರ್ಹವೆಂದರೆ, ಈ ಎರಡೂ ಕವಲುಗಳಿಗೆ ಸಂಬಂಧಿಸಿದ ಪ್ರಯೋಗಗಳು ಕೋಲಾರದ ಚಿನ್ನದ ಗಣಿಯ ಆಳದಲ್ಲಿ ನಡೆದಿವೆ.

ಸುಮಾರು 2.3 ಕಿಲೋಮೀಟರ್ ಬಂಡೆ ವಿಶ್ವಕಿರಣಗಳ ಗದ್ದಲವನ್ನು ತಡೆಯುವ ಆ ಗಣಿಯಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಎಂ.ಜಿ.ಕೆ. ಮೆನನ್, ನಂಜನಗೂಡಿನವರಾದ ಬಿ.ವಿ. ಶ್ರೀಕಂಠನ್ ಮೊದಲಾದವರು ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳೊಂದಿಗೆ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತನ್ನು 1965ರಲ್ಲಿ ಕಂಡರು. ಅದೇ ಬಗೆಯ ನ್ಯೂಟ್ರಿನೊಗಳು ದಾರಿಯಲ್ಲಿ ರೂಪ ಬದಲಿಸುತ್ತವೆಂದು, ಆದ್ದರಿಂದ ಅವಕ್ಕೆ ರಾಶಿಯಿದೆಯೆಂದು ಜಪಾನಿನ ಸೂಪರ್-ಕಾಮಿಯೊಕಾಂಡೆ ಶೋಧಕ 1998ರಲ್ಲಿ ತೋರಿಸಿತು.

ಕೋಲಾರದಲ್ಲಿ 1980ರಲ್ಲಿ ಆರಂಭವಾದ ಎರಡನೆಯ ಪ್ರಯತ್ನ ಪ್ರೋಟಾನಿನ ಸಾವಿಗಾಗಿ ಕಾಯುವುದಾಗಿತ್ತು. ಒಂದು ಪ್ರೋಟಾನಿಗಾಗಿ ಕಾಯುತ್ತ ಕುಳಿತರೆ ವಿಶ್ವದ ಆಯುಸ್ಸೂ ಸಾಲದು. ಅದರ ಬದಲು ಸುಮಾರು 140 ಟನ್ ಕಬ್ಬಿಣದ ಹಲಗೆಗಳ ನಡುವೆ ಅನಿಲ ತುಂಬಿದ ಶೋಧಕಗಳನ್ನಿಟ್ಟರೆ, ಅಷ್ಟು ಕಬ್ಬಿಣದಲ್ಲಿ ಪ್ರೋಟಾನ್-ನ್ಯೂಟ್ರಾನುಗಳ ಒಟ್ಟು ಸಂಖ್ಯೆ 8ರ ಮುಂದೆ 31 ಸೊನ್ನೆಗಳಷ್ಟಿರುವುದರಿಂದ, ವರ್ಷಕ್ಕೆ ಒಂದೆರಡಾದರೂ ಒಡೆದಾವೆಂದು ನಿರೀಕ್ಷಿಸಬಹುದಿತ್ತು. ತಂಡ ಕೆಲವು ಶಂಕಿತ ಘಟನೆಗಳನ್ನು ಪ್ರಕಟಿಸಿತಾದರೂ, ಅಮೆರಿಕ ಮತ್ತು ಜಪಾನಿನ ದೊಡ್ಡ ನೀರಿನ ತೊಟ್ಟಿಗಳಲ್ಲಿ ಅವಕ್ಕೆ ಪುಷ್ಟಿ ದೊರೆಯಲಿಲ್ಲ. ಪ್ರೋಟಾನ್ ಪಾಸಿಟ್ರಾನ್ ಮತ್ತು ಪಯಾನ್ ಆಗಿ ಒಡೆಯುವುದಾದರೆ ಅದರ ಆಯುಸ್ಸು 24ರ ಮುಂದೆ 33 ಸೊನ್ನೆಗಳಷ್ಟು ವರ್ಷಗಳಿಗಿಂತ ಹೆಚ್ಚೆಂದು ಸೂಪರ್-ಕಾಮಿಯೊಕಾಂಡೆ ಈಗ ಹೇಳುತ್ತದೆ.

ಸೋಲೆನ್ನಿಸುವ ಈ ಫಲಿತಾಂಶದಲ್ಲೇ ವಿಧಾನದ ಬಲವಿದೆ. ಆಯುಸ್ಸು ಅಜ್ಞಾತ ರಾಶಿಯ ನಾಲ್ಕನೆಯ ಘಾತದಂತೆ ಬೆಳೆಯುವುದರಿಂದ, ಆ ಮಿತಿಯ ಅರ್ಥ, ಪ್ರೋಟಾನನ್ನು ಒಡೆಯುವ ಕಣ ಇದ್ದರೆ ಅದು ಪ್ರೋಟಾನಿನ 1ರ ಮುಂದೆ 15 ಸೊನ್ನೆಗಳಷ್ಟು ಪಟ್ಟು ಭಾರದ ಆಸುಪಾಸಿನಲ್ಲಿ ಅಥವಾ ಅದಕ್ಕೂ ಆಚೆ ಇರಬೇಕೆಂದು. ಕೊಲೈಡರಿನ ಶಕ್ತಿ ಇದರ ಸಾವಿರ ಕೋಟಿಯಲ್ಲೊಂದು ಪಾಲನ್ನೂ ಮುಟ್ಟುವುದಿಲ್ಲ. ನ್ಯೂಟ್ರಿನೊ ರಾಶಿಯ ಲೆಕ್ಕವೂ ಸರಿಸುಮಾರು ಅದೇ ಪ್ರದೇಶದತ್ತ ಬೆರಳು ಮಾಡುತ್ತದೆ. ಆದರೆ ಇದನ್ನು ವಿಳಾಸವೆಂದು ತಿಳಿಯುವುದು ಅವಸರವಾದೀತು, ಏಕೆಂದರೆ ಈ ಗಣಿತ ಬಲ ಮತ್ತು ರಾಶಿಗಳ ಅನುಪಾತವನ್ನು ಮಾತ್ರ ಕೊಡುತ್ತದೆ: ಫರ್ಮಿಯ ಸಂಖ್ಯೆಯನ್ನು ಹಾಗೆಯೇ ಓದಿದ್ದರೆ ಪ್ರೋಟಾನಿನ ಸುಮಾರು 300 ಪಟ್ಟು ಭಾರದ ಕಣವನ್ನು ಹುಡುಕಬೇಕಿತ್ತು, ಸಿಕ್ಕಿದ ಡಬ್ಲ್ಯೂ ಬೋಸಾನ್ ಸುಮಾರು 86 ಪಟ್ಟಿನದು.